ಶಾಲೆ ಆಮೇಲೆ, ಮೊದಲು ತಾರೀಕು ಆರಿಸಿ

ಪ್ರಶ್ನೆ: ನಾವು 14 ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇವೆ. ನಾನೂ ನನ್ನ ಗಂಡನೂ ಒಂದನೇ ಕ್ಲಾಸಿನಿಂದ ಎಂಜಿನಿಯರಿಂಗ್‌ವರೆಗೆ ಕರ್ನಾಟಕದಲ್ಲೇ ಓದಿದವರು. ಅತ್ತೆ ಮಾವನಿಗೆ ವಯಸ್ಸಾಯಿತು, ಬೆಂಗಳೂರಿಗೆ ವಾಪಸ್ ಬರೋಣ ಅಂದುಕೊಂಡಿದ್ದೇವೆ. ಮನೆ ಜಯನಗರದಲ್ಲಿದೆ, ಗಂಡನ ಆಫೀಸ್ ವೈಟ್‌ಫೀಲ್ಡ್‌ನಲ್ಲಿ. ಮಗಳಿಗೆ 12 ತುಂಬಿದೆ, ಏಳನೇ ಗ್ರೇಡ್. ಮಗನಿಗೆ 7 ತುಂಬಿದೆ, ಎರಡನೇ ಗ್ರೇಡ್. ಅವನು ಓದುವುದರಲ್ಲಿ ನಿಧಾನ ಅಂತ ಶಾಲೆಯವರು ಐಇಪಿ (ಅವನಿಗೆಂದೇ ಬರೆದ ಕಲಿಕಾ ಯೋಜನೆ) ಮಾಡಿಕೊಟ್ಟಿದ್ದಾರೆ. ಇಬ್ಬರೂ ಇಲ್ಲೇ ಹುಟ್ಟಿದವರು. ಮಗಳ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) 2014ರದ್ದು, ಮಗನದ್ದು 2022ರದ್ದು. ಇಬ್ಬರಿಗೂ ಕನ್ನಡ ಅರ್ಥವಾಗುತ್ತದೆ, ಓದಲು ಬರೆಯಲು ಬರುವುದಿಲ್ಲ. ಬರುವ ಬೇಸಿಗೆಗೇ ಹೊರಡುವುದೋ, ಮಗಳು ಒಂಬತ್ತು ಮುಗಿಸಲಿ ಅಂತ ಇನ್ನೂ ಎರಡು ವರ್ಷ ಕಾಯುವುದೋ ಗೊತ್ತಾಗುತ್ತಿಲ್ಲ. ಐಬಿ ಅನ್ನುವ ಅಂತಾರಾಷ್ಟ್ರೀಯ ಪಠ್ಯಕ್ರಮಕ್ಕೇ ಹಾಕಿ, ಇಲ್ಲದಿದ್ದರೆ ಮಕ್ಕಳು ಒದ್ದಾಡುತ್ತವೆ ಅಂತ ಮೈದುನ ಹೇಳುತ್ತಾರೆ. ಸಿಬಿಎಸ್‌ಇ ಬಿಟ್ಟರೆ ಮುಂದೆ ಸೀಟೇ ಸಿಗಲ್ಲ ಅಂತ ನನ್ನಕ್ಕ. ನನ್ನ ಮಗ ಓದಿದ ಪಕ್ಕದ ಬೀದಿಯ ಶಾಲೆಗೆ ಏನಾಗಿದೆ ಅಂತ ಮಾವನವರು. ಮಗಳು ಮಾತ್ರ ಈ ವಿಷಯ ಎತ್ತಿದರೆ ಎದ್ದು ರೂಮಿಗೆ ಹೋಗುತ್ತಾಳೆ. ದಯವಿಟ್ಟು ಒಂದು ಒಳ್ಳೆಯ ಶಾಲೆಯ ಹೆಸರು ಹೇಳಿ.

ಉತ್ತರ: ಹೆಸರು ಹೇಳುವುದಿಲ್ಲ. ಜಾರಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹದಿನೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಆಮೇಲೆ ಈ ಸಲಹೆಯ ಕೆಲಸಕ್ಕೆ ಬಂದವನು ನಾನು. ಒಂದೇ ಶಾಲೆಯಲ್ಲಿ ಅಕ್ಕ ಅರಳಿದ್ದನ್ನೂ ತಮ್ಮ ಬಾಡಿದ್ದನ್ನೂ ನೋಡಿದ್ದೇನೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಒಂಬತ್ತು ಮುಗಿಸಲಿ’ ಅನ್ನುವ ಮಾತಿನ ಹತ್ತಿರ. ಮನೆಯವರೆಲ್ಲ ಯಾವ ಶಾಲೆ ಅಂತ ಚರ್ಚೆ ಮಾಡುತ್ತಿದ್ದೀರಿ. ನೀವು ಯಾವ ತಿಂಗಳು ವಿಮಾನ ಹತ್ತುತ್ತೀರಿ ಅನ್ನುವುದೇ ಅರ್ಧ ಶಾಲೆಗಳನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ.

ಹೇಗೆ ಅಂತ ಹೇಳುತ್ತೇನೆ. ನಮ್ಮಲ್ಲಿ ಹತ್ತನೇ ತರಗತಿ ಅಂದರೆ ಬೋರ್ಡ್ ಪರೀಕ್ಷೆ. ಆ ಓಟ ಶುರುವಾಗುವುದು ಒಂಬತ್ತರಲ್ಲಿ. ಸಿಬಿಎಸ್‌ಇಯಲ್ಲಿ ಒಂಬತ್ತು, ಹತ್ತು ಸೇರಿ ಎರಡು ವರ್ಷದ ಒಂದೇ ಕೋರ್ಸ್. ಮಕ್ಕಳ ಹೆಸರನ್ನು ಬೋರ್ಡಿಗೆ ನೋಂದಾಯಿಸುವುದು ಒಂಬತ್ತರಲ್ಲೇ. ಐಸಿಎಸ್‌ಇಯಲ್ಲೂ ಹಾಗೇ. ನೇರವಾಗಿ ಹತ್ತಕ್ಕೆ ಸೇರಬೇಕು ಅಂದರೆ ತಂದೆ ತಾಯಿಯ ವರ್ಗಾವಣೆಯಂಥ ಕಾರಣ ಬೇಕು, ಬೋರ್ಡಿನ ಒಪ್ಪಿಗೆ ಬೇಕು. ಎರಡೂ ಇದ್ದರೂ ಶಾಲೆಗಳು ಹಿಂಜರಿಯುತ್ತವೆ. ಹೊಸ ಹುಡುಗಿ ಬಂದು ನಮ್ಮ ರಿಸಲ್ಟ್ ಕೆಡಿಸಿದರೆ ಅನ್ನುವ ಭಯ ಅವಕ್ಕೆ.

ಹಾಗಾಗಿ ಮಗಳು ಅಲ್ಲಿ ಒಂಬತ್ತು ಮುಗಿಸಿ ಬಂದರೆ ಇಲ್ಲಿ ಇನ್ನೊಂದು ಸಲ ಒಂಬತ್ತನೇ ತರಗತಿಯಲ್ಲಿ ಕೂರಬೇಕಾಗಬಹುದು. ಇಲ್ಲವಾದರೆ ದುಬಾರಿ ಅಂತಾರಾಷ್ಟ್ರೀಯ ಶಾಲೆಯ ಬಾಗಿಲು ತಟ್ಟಬೇಕು. ಅಲ್ಲೂ ಐಜಿಸಿಎಸ್‌ಇ (ಹತ್ತನೇ ತರಗತಿಗೆ ಸಮನಾದ ಕೇಂಬ್ರಿಜ್ ಪರೀಕ್ಷೆ) ಸಾಮಾನ್ಯವಾಗಿ ಎರಡು ವರ್ಷದ ಓದೇ. ನಡುವೆ ಹತ್ತುವುದು ಚಲಿಸುವ ಬಸ್ಸು ಹತ್ತಿದ ಹಾಗೆ. ಸ್ನೇಹಿತೆಯರನ್ನೆಲ್ಲ ಬಿಟ್ಟು ಬಂದ 15 ವರ್ಷದ ಹುಡುಗಿಯನ್ನು ಒಂದು ಕ್ಲಾಸ್ ಹಿಂದಕ್ಕೂ ಹಾಕಿದರೆ ಮನೆಯಲ್ಲಿ ಎರಡು ವರ್ಷ ಏನು ನಡೆಯುತ್ತದೆ ಅಂತ ನಾನು ನೋಡಿದ್ದೇನೆ. ಬೇಡ.

ಈ ಬೇಸಿಗೆಗೇ ಬನ್ನಿ, ಎಂಟಕ್ಕೆ ಸೇರಿಸಿ. ಎಂಟು ಅಂದರೆ ಎಡವಿ ಬಿದ್ದು ಎದ್ದುಕೊಳ್ಳಲು ಸಮಯ ಇರುವ ವರ್ಷ. ಅದರಲ್ಲಿ ತೆಗೆದ 48 ಅಂಕವನ್ನು ಮುಂದೆ ಯಾರೂ ಕೇಳುವುದಿಲ್ಲ. ಅದು ಆಗಲೇ ಇಲ್ಲ ಅಂದರೆ ಮುಂದಿನ ವರ್ಷ, ಒಂಬತ್ತು ಶುರುವಾಗುವ ದಿನಕ್ಕೆ ಇಲ್ಲಿರಿ. ಅದನ್ನೂ ದಾಟಿದರೆ ಅಲ್ಲೇ ಹನ್ನೆರಡು ಮುಗಿಸಲಿ. ಅತ್ತೆ ಮಾವನನ್ನು ನೋಡಿಕೊಳ್ಳಲು ಬೇರೆ ದಾರಿ ಹುಡುಕಿ. ಒಬ್ಬರು ಮೊದಲು ಬರುವುದು, ಇನ್ನೊಬ್ಬರು ಆಮೇಲೆ ಬರುವುದು ಕೂಡ ಒಂದು ದಾರಿ. ಕಷ್ಟದ್ದೇ, ಆದರೆ ಎಷ್ಟೋ ಮನೆಯವರು ಮಾಡಿದ್ದಾರೆ.

ಈ ಬೇಸಿಗೆ ಅಂದೆ, ಅದರಲ್ಲೂ ಒಂದು ತೊಡಕಿದೆ. ನ್ಯೂಜೆರ್ಸಿಯಲ್ಲಿ ಶಾಲೆ ಮುಗಿಯುವುದು ಜೂನ್ ಮಧ್ಯ ದಾಟಿದ ಮೇಲೆ. ಕರ್ನಾಟಕದಲ್ಲಿ ಮೇ ಕೊನೆ, ಜೂನ್ ಮೊದಲ ವಾರಕ್ಕೆ ಗಂಟೆ ಹೊಡೆದಾಗಿರುತ್ತದೆ. ಕೆಲವು ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲೇ ಒಂದಿಷ್ಟು ಪಾಠ ಮುಗಿಸಿ ಬೇಸಿಗೆ ರಜೆ ಕೊಡುತ್ತವೆ. ಐಬಿ, ಕೇಂಬ್ರಿಜ್ ಶಾಲೆಗಳು ಹೆಚ್ಚಾಗಿ ಜುಲೈ, ಆಗಸ್ಟ್‌ನಲ್ಲಿ ಶುರು. ಇದಕ್ಕೆ ನಾನು ಹೇಳುವ ಉಪಾಯ ಸರಳ. ಅಲ್ಲಿನ ಶಾಲೆಗೆ ಈಗಲೇ ಹೇಳಿ ಮೇ ಕೊನೆಗೆ ಬಿಡಿಸಿಕೊಳ್ಳಿ. ಇವಳು ಏಳು ಪೂರೈಸಿದ್ದಾಳೆ, ಎಂಟಕ್ಕೆ ಬಡ್ತಿಗೆ ಅರ್ಹಳು ಅಂತ ಶಾಲೆಯ ಲೆಟರ್‌ಹೆಡ್‌ನಲ್ಲಿ ಸಹಿ, ಸೀಲು ಹಾಕಿಸಿ ತನ್ನಿ. ಎರಡು ಮೂರು ವಾರ ತಪ್ಪಿದರೆ ಅಲ್ಲಿ ಏನೂ ಹೋಗುವುದಿಲ್ಲ. ಇಲ್ಲಿ ಮೊದಲ ಎರಡು ವಾರ ತಪ್ಪಿದರೆ ಬೆಂಚಿನ ಜೊತೆಗಾರರು ಆಗಲೇ ಗುಂಪು ಕಟ್ಟಿಕೊಂಡಿರುತ್ತಾರೆ.

ಸೀಟು ಸಿಗುತ್ತದಾ ಅಂತ ಹೆದರಬೇಡಿ. ನೂಕುನುಗ್ಗಲು ಇರುವುದು ಎಲ್‌ಕೆಜಿ, ಒಂದನೇ ತರಗತಿಗೆ. ಎಂಟರಲ್ಲಿ ಊರು ಬಿಟ್ಟು ಹೋಗುವವರ ಜಾಗ ಮಾರ್ಚ್, ಏಪ್ರಿಲ್‌ನಲ್ಲಿ ಖಾಲಿಯಾಗುತ್ತಲೇ ಇರುತ್ತದೆ. ‘ಸೀಟಿಲ್ಲ’ ಅಂತ ಡಿಸೆಂಬರ್‌ನಲ್ಲಿ ಹೇಳಿದ ಶಾಲೆಯೇ ಏಪ್ರಿಲ್‌ನಲ್ಲಿ ಫೋನ್ ಮಾಡಿದ್ದುಂಟು. ಕೇಳಿ ಹೆಸರು ಬರೆಸಿಡಿ.

ಈಗ ನಿಮ್ಮ ಮನೆಯ ಮೂರು ವಾದಗಳಿಗೆ ಬರುತ್ತೇನೆ. ಮೂವರ ಮಾತಲ್ಲೂ ಸ್ವಲ್ಪ ಸತ್ಯ ಇದೆ, ಸ್ವಲ್ಪ ಗಾಳಿಮಾತು ಇದೆ.

ಮೈದುನ ಹೇಳುವ ಐಬಿ ಮೊದಲು. ಅಲ್ಲಿನ ಕ್ಲಾಸಿನ ವಾತಾವರಣ ನಿಮ್ಮ ಮಕ್ಕಳಿಗೆ ಪರಿಚಿತ ಅನ್ನಿಸುವುದು ನಿಜ. ಪ್ರಾಜೆಕ್ಟ್, ಚರ್ಚೆ, ಲ್ಯಾಪ್‌ಟಾಪ್ ಎಲ್ಲ ಇರುತ್ತದೆ. ಬೆಂಗಳೂರಿನಲ್ಲಿ ಶುಲ್ಕ ವರ್ಷಕ್ಕೆ ಏಳೆಂಟು ಲಕ್ಷದಿಂದ ಶುರುವಾಗಿ ಹತ್ತು ದಾಟುವುದು ಸಾಮಾನ್ಯ. ಬಸ್ಸು, ಪ್ರವಾಸ, ಪರೀಕ್ಷಾ ಶುಲ್ಕ ಬೇರೆ. ಇಬ್ಬರು ಮಕ್ಕಳು, ರೂಪಾಯಿ ಸಂಬಳ, ಐದು ವರ್ಷ. ಲೆಕ್ಕ ನೀವೇ ಹಾಕಿ. ಡಾಲರ್ ಉಳಿತಾಯ ನೋಡಿಕೊಂಡು ಮೊದಲ ವರ್ಷ ಧೈರ್ಯವಾಗಿ ಕಟ್ಟುತ್ತಾರೆ, ಮೂರನೇ ವರ್ಷ ನನ್ನ ಎದುರಿಗೆ ಬಂದು ಕೂರುತ್ತಾರೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷದ ಹಿಂದೆ ಸಿಂಗಪುರದಿಂದ ಬಂದ ಹುಡುಗನೊಬ್ಬನಿಗೆ ಅವನ ಸುಖಕ್ಕೆ ಅಂತ ಐಜಿಸಿಎಸ್‌ಇ ಸೂಚಿಸಿದ್ದೆ. ಹತ್ತು ಮುಗಿದ ಮೇಲೆ ಮನೆಯವರಿಗೆ ಶುಲ್ಕ ಕಟ್ಟಲು ಆಗಲಿಲ್ಲ. ಪಿಯುಗೆ ಬಂದ. ಮೊದಲು ಅರ್ಹತಾ ಪತ್ರಕ್ಕೆ ಓಡಾಟ, ಆಮೇಲೆ ಎಂಬತ್ತು ಮಕ್ಕಳ ಸೆಕ್ಷನ್, ದಿನಕ್ಕೊಂದು ಟೆಸ್ಟ್. ಹುಡುಗ ಜಾಣ. ಆದರೂ ಮೊದಲ ಪಿಯು ಪೂರ್ತಿ ಮಂಕಾಗಿ ಕಳೆದ. ಎಂಟರಲ್ಲಿ ತಪ್ಪಿಸಿದ ಆಘಾತವನ್ನು ನಾನು ಹನ್ನೊಂದಕ್ಕೆ ಮುಂದೂಡಿದ್ದೆ ಅಷ್ಟೇ. ಅಂದಿನಿಂದ ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ ಒಂದೇ: ಹನ್ನೆರಡು ಆದ ಮೇಲೆ ಮಗು ಎಲ್ಲಿ ಓದುತ್ತದೆ? ಅಮೆರಿಕವೋ, ಇಂಡಿಯಾವೋ?

ಅಮೆರಿಕ ಅಂತ ನಿರ್ಧಾರ ಗಟ್ಟಿಯಿದ್ದರೆ, ಅಥವಾ ಎರಡು ಮೂರು ವರ್ಷಕ್ಕೆ ವಾಪಸ್ ಹೋಗುವ ಸಾಧ್ಯತೆ ನಿಜವಾಗಿ ಇದ್ದರೆ, ಐಬಿಗೆ ಅರ್ಥ ಇದೆ. ಆದರೆ ಅಮೆರಿಕದ ಕಾಲೇಜಿಗೆ ಐಬಿ ಕಡ್ಡಾಯ ಅನ್ನುವುದು ಸುಳ್ಳು. ಸಿಬಿಎಸ್‌ಇ, ಪಿಯು ಓದಿದ ಮಕ್ಕಳು ಪ್ರತಿ ವರ್ಷ ಹೋಗುತ್ತಿದ್ದಾರೆ. ಇನ್ನೊಂದು ಭ್ರಮೆಯೂ ಇದೆ, ‘ಇವಳು ಸಿಟಿಜನ್, ಅಲ್ಲಿ ಫೀಸು ಕಮ್ಮಿ’ ಅಂತ. ಅಮೆರಿಕದ ಕೇಂದ್ರ ಸರ್ಕಾರದ ನೆರವಿಗೆ ಅರ್ಜಿ ಹಾಕಬಹುದು, ನಿಜ. ರಾಜ್ಯದವರಿಗೆ ಸಿಗುವ ಕಡಿಮೆ ಶುಲ್ಕ ಸಿಗುವುದು ಆ ರಾಜ್ಯದ ವಾಸಿಗಳಿಗೆ. ಜಯನಗರದಿಂದ ಅರ್ಜಿ ಹಾಕಿದವಳು ನ್ಯೂಜೆರ್ಸಿಯ ವಾಸಿ ಆಗುವುದಿಲ್ಲ.

ಇಂಡಿಯಾದಲ್ಲೇ ಓದಿಸುವುದಾದರೆ ಒಂದು ವಿಷಯ ನೆನಪಿರಲಿ. ವೈದ್ಯಕೀಯದ ನೀಟ್ ಮತ್ತು ಎಂಜಿನಿಯರಿಂಗ್‌ನ ಜೆಇಇಗೆ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕವೇ ತಳಪಾಯ, ರಾಜ್ಯದ ಸಿಇಟಿಗೆ ಪಿಯು ಪಠ್ಯ. ಐಬಿ ಡಿಪ್ಲೊಮಾ ಮಾಡಿಕೊಂಡು ಇವಕ್ಕೂ ತಯಾರಾಗುವುದು ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ. ಮೇ ಪರೀಕ್ಷೆಯ ಐಬಿ ಫಲಿತಾಂಶ ಬರುವುದೂ ಜುಲೈ ಮೊದಲ ವಾರ. ಅಷ್ಟರಲ್ಲಿ ಇಲ್ಲಿ ಪ್ರವೇಶದ ಓಡಾಟ ಬಿಸಿಯಾಗಿರುತ್ತದೆ.

‘ಇಂಟರ್‌ನ್ಯಾಷನಲ್’ ಅನ್ನುವ ಪದದ ಬಗ್ಗೆಯೂ ಒಂದು ಮಾತು. ಅದು ನಾಮಫಲಕದ ಮೇಲಿನ ಬಣ್ಣ ಅಷ್ಟೇ. ಆ ಹೆಸರಿಟ್ಟುಕೊಂಡ ಬಹಳ ಶಾಲೆಗಳು ಸಿಬಿಎಸ್‌ಇ, ಕೆಲವು ರಾಜ್ಯ ಪಠ್ಯಕ್ರಮದವು. 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪೋಷಕರು ಶಾಲೆಯ ಗೇಟಿನ ಮುಂದೆ ಕೂತಿದ್ದರು. ಸಿಬಿಎಸ್‌ಇ ಅಂತ ನಂಬಿ ಸೇರಿಸಿದ್ದೆವು, ಮಾನ್ಯತೆಯೇ ಇಲ್ಲ ಅನ್ನುವುದು ಅವರ ದೂರು. ಹಾಗಾಗಿ ಅಫಿಲಿಯೇಷನ್ ನಂಬರ್ ಕೇಳಿ. ಅದನ್ನು ಬೋರ್ಡಿನ ಜಾಲತಾಣದಲ್ಲೇ ಹಾಕಿ ನೋಡಿ, ಶಾಲೆಯ ಬ್ರೋಷರ್‌ನಲ್ಲಿ ಅಲ್ಲ. ಎಷ್ಟನೇ ತರಗತಿವರೆಗೆ ಮಾನ್ಯತೆ ಅನ್ನುವುದನ್ನೂ ನೋಡಿ. ಐಬಿ ಶಾಲೆ ಇನ್ನೂ ‘ಕ್ಯಾಂಡಿಡೇಟ್’ ಹಂತದಲ್ಲಿದ್ದರೆ ಅದಕ್ಕೆ ಪೂರ್ತಿ ಒಪ್ಪಿಗೆ ಸಿಕ್ಕಿಲ್ಲ ಅಂತ ಅರ್ಥ.

ಇನ್ನು ನಿಮ್ಮಕ್ಕನ ಮಾತು. ಸಿಬಿಎಸ್‌ಇಗೆ ಸೇರಿದರೆ ಸೀಟು ಗ್ಯಾರಂಟಿ ಅನ್ನುವುದು ಗಾಳಿಮಾತು. ಪಿಯುನಲ್ಲೂ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯವೇ ಬಂದು ವರ್ಷಗಳಾದವು. ಸಿಬಿಎಸ್‌ಇ ಅಂದರೆ ಬರೀ ಉರು ಹೊಡೆಯುವುದು ಅನ್ನುವುದೂ ಹಳೆಯ ಮಾತು, ಅದು ಶಾಲೆಗಿಂತ ಟೀಚರ್ ಮೇಲೆ ನಿಂತಿದೆ. ಆದರೂ ಮಗಳಿಗೆ ನನ್ನ ಓಟು ಮನೆ ಹತ್ತಿರದ, ಮಧ್ಯಮ ಗಾತ್ರದ, ಸಾಧಾರಣ ಸಿಬಿಎಸ್‌ಇ ಶಾಲೆಗೆ. ಮುಂದೆ ನಿಮ್ಮ ಕೆಲಸ ಹೈದರಾಬಾದಿಗೋ ಪುಣೆಗೋ ಹೋದರೂ ಅದೇ ಬೋರ್ಡ್ ಸಿಗುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು, ಭಾಷೆಯ ಭಾರ ತುಸು ಕಮ್ಮಿ. ಮಗಳು ಪುಸ್ತಕದ ಹುಳು, ಇಂಗ್ಲಿಷ್ ಪ್ರಬಂಧ ಬರೆಯುವುದು ಅವಳಿಗೆ ಆಟ ಅಂತಾದರೆ ಐಸಿಎಸ್‌ಇಯನ್ನೂ ನೋಡಿ. ಆದರೆ ಅಲ್ಲಿ ಇತಿಹಾಸ, ಭೂಗೋಳಕ್ಕೆ ಬರೆಯುವುದು ಜಾಸ್ತಿ.

ಮಾವನವರ ಮಾತನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿಲ್ಲ ಅಂತ ಪತ್ರದ ಧಾಟಿಯಲ್ಲೇ ಗೊತ್ತಾಗುತ್ತದೆ. ತಪ್ಪು. ಪಕ್ಕದ ಬೀದಿಯ ಶಾಲೆ ಅನ್ನುವುದು ಸಣ್ಣ ವಿಷಯ ಅಲ್ಲ. ಎಸ್‌ಎಸ್‌ಎಲ್‌ಸಿ ನಿಮ್ಮ ಮಗಳಿಗೆ ಕಷ್ಟ, ಯಾಕೆಂದರೆ ಅಲ್ಲಿ ಮೂರು ಭಾಷೆ ಓದಬೇಕು, ಅಂಕದ ದೊಡ್ಡ ಪಾಲೂ ಭಾಷೆಗಳದ್ದೇ. ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡರೂ ಉಳಿದೆರಡನ್ನು ಸೊನ್ನೆಯಿಂದ ಶುರು ಮಾಡಬೇಕು. ಮಗನ ಕಥೆ ಬೇರೆ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಭಾಷೆಯೇ ನಿಮ್ಮ ನಿಜವಾದ ಕಷ್ಟ, ಗಣಿತ ಅಲ್ಲ. ಅಮೆರಿಕದಿಂದ ಬಂದ ಮಕ್ಕಳು ಗಣಿತದಲ್ಲಿ ಹಿಂದೆ ಅನ್ನುವ ಮಾತು ಅರ್ಧ ಸತ್ಯ. ತಿಳುವಳಿಕೆ ಚೆನ್ನಾಗಿರುತ್ತದೆ, ಕೈ ನಿಧಾನ. ಕ್ಯಾಲ್ಕುಲೇಟರ್ ಇಲ್ಲದೆ ವರ್ಗಮೂಲ, ಅಪವರ್ತನ ಮಾಡುವ ಅಭ್ಯಾಸ ಇರುವುದಿಲ್ಲ. ಎರಡು ಮೂರು ತಿಂಗಳಲ್ಲಿ ಕೂಡಿಕೊಳ್ಳುತ್ತಾರೆ.

ಕನ್ನಡದ ವಿಷಯಕ್ಕೆ ಬಂದರೆ, ‘ಅಮೆರಿಕನ್ ಪಾಸ್‌ಪೋರ್ಟ್ ಇದೆ, ಕನ್ನಡ ಬೇಕಿಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು ಅನ್ನುತ್ತದೆ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳೂ ಅದರೊಳಗೆ ಬರುತ್ತವೆ. 2015-16ರಲ್ಲಿ ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿ ಮೇಲೆ ಬಂದಿದೆ. ನಡುವೆ ಬಂದು ಸೇರುವ ಮಕ್ಕಳನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದು ಶಾಲೆಯಿಂದ ಶಾಲೆಗೆ ಬೇರೆ. ಪ್ರಿನ್ಸಿಪಾಲರನ್ನು ನೇರವಾಗಿ ಕೇಳಿ: ಎಂಟು, ಒಂಬತ್ತು, ಹತ್ತರಲ್ಲಿ ಯಾವ ಯಾವ ಭಾಷೆ ಇದೆ, ಅಕ್ಷರ ಬಾರದ ಮಗುವಿಗೆ ಬೇರೆ ಕ್ಲಾಸ್ ಇದೆಯಾ, ಹಿಂದಿ ಬೇಕೇ ಬೇಕಾ? ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಭಾಷಾ ನಿಯಮಗಳು ಈಗ ಬದಲಾಗುತ್ತಿರುವ ಕಾಲ, ಬಾಯಿಮಾತು ಸಾಲದು. ಕನ್ನಡವನ್ನೂ ಹಿಂದಿಯನ್ನೂ ಒಟ್ಟಿಗೆ ಮೊದಲಿನಿಂದ ಕಲಿಸುವ ಶಾಲೆಯಾದರೆ ಎಷ್ಟೇ ಹೆಸರುವಾಸಿಯಾದರೂ ಬಿಡಿ.

ನಿಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಬಿದ್ದಿದೆ. ಅದು ದೊಡ್ಡ ಆಸ್ತಿ. ಕಿವಿ ಪಳಗಿದ ಮಗುವಿಗೆ ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಓದಲು ಬರುತ್ತದೆ. ಒತ್ತಕ್ಷರದ ಹತ್ತಿರ ಒಂದಿಷ್ಟು ಒದ್ದಾಡುತ್ತಾರೆ. ನಾನು ಮಕ್ಕಳಿಗೆ ಹೇಳುವ ಆಟ ಒಂದಿದೆ, ಬಿಎಂಟಿಸಿ ಬಸ್ಸಿನ ಬೋರ್ಡು ಓದುವುದು. ‘ಬನಶಂಕರಿ’ ಸುಲಭ, ‘ಶಿವಾಜಿನಗರ’ ಪರವಾಗಿಲ್ಲ, ‘ಕೃಷ್ಣರಾಜೇಂದ್ರ ಮಾರುಕಟ್ಟೆ’ ಓದಿದ ದಿನ ದೋಸೆ. ಅಜ್ಜನ ಜೊತೆ ಮೂಲೆಯ ಸ್ಟಾಪಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಹೊರಡುವ ಮೊದಲೇ ವರ್ಣಮಾಲೆ ಶುರು ಮಾಡಿಬಿಡಿ.

ಕೈಬರಹದ ವಿಷಯವನ್ನು ಪೋಷಕರು ಯಾರೂ ಕೇಳುವುದೇ ಇಲ್ಲ. ಅಲ್ಲಿ ನಿಮ್ಮ ಮಗಳು ಕ್ರೋಮ್‌ಬುಕ್‌ನಲ್ಲಿ ಟೈಪ್ ಮಾಡುತ್ತಾಳೆ. ಇಲ್ಲಿ ಬ್ರೌನ್ ಕವರ್ ಹಾಕಿದ ಲಾಂಗ್ ನೋಟ್‌ಬುಕ್. ಸಿಬಿಎಸ್‌ಇ ಹತ್ತರ ಪ್ರಮುಖ ಪತ್ರಿಕೆ ಅಂದರೆ 80 ಅಂಕ, ಮೂರು ಗಂಟೆ, ಪೆನ್ನು. ಮೊದಲ ಟೆಸ್ಟಿನಲ್ಲಿ ಎಲ್ಲ ಗೊತ್ತಿದ್ದೂ ಅರ್ಧ ಪೇಪರ್ ಖಾಲಿ ಬಿಟ್ಟು ಬಂದು ಅಳುವ ಮಕ್ಕಳನ್ನು ವರ್ಷವೂ ನೋಡುತ್ತೇನೆ. ಈಗಿನಿಂದಲೇ ದಿನಕ್ಕೆ ಒಂದು ಪುಟ ಕೈಯಲ್ಲಿ ಬರೆಯಲಿ. ಏನು ಬೇಕಾದರೂ ಬರೆಯಲಿ, ನಿಮ್ಮನ್ನು ಬೈದು ಬರೆದರೂ ಸರಿ.

ಈಗ ಒಸಿಐ. ನೀವು ಸುಮ್ನೆ ಬರೆದ ಆ ಎರಡು ಇಸವಿಗಳು ನನಗೆ ಪತ್ರದ ಬೇರೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದವು. 2021ರ ಮಾರ್ಚ್ 4ರಂದು ಕೇಂದ್ರ ಗೃಹ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಅದರ ಪ್ರಕಾರ ಒಸಿಐ ಮಕ್ಕಳು ನೀಟ್, ಜೆಇಇಯಂಥ ಪರೀಕ್ಷೆ ಬರೆಯಬಹುದು, ಆದರೆ ಎನ್‌ಆರ್‌ಐ ಸೀಟು ಅಥವಾ ಹೆಚ್ಚುವರಿಯಾಗಿ ಸೃಷ್ಟಿಸಿದ ಸೀಟಿಗೆ ಮಾತ್ರ ಅರ್ಹರು. ಭಾರತೀಯ ಪ್ರಜೆಗಳಿಗೇ ಇಟ್ಟ ಸೀಟು ಸಿಗುವುದಿಲ್ಲ. ಪೋಷಕರು ಕೋರ್ಟಿಗೆ ಹೋದರು. 2023ರ ಫೆಬ್ರವರಿ 3ರಂದು ಸುಪ್ರೀಂ ಕೋರ್ಟ್, ಈ ನಿರ್ಬಂಧ 2021ರ ಮಾರ್ಚ್ 4ರ ನಂತರ ಕಾರ್ಡ್ ಪಡೆದವರಿಗೆ ಮಾತ್ರ ಅಂದಿತು. ಅಂದರೆ ನಿಮ್ಮ ಮನೆಯಲ್ಲೇ ಎರಡು ಕಾನೂನು. ಮಗಳ 2014ರ ಕಾರ್ಡಿಗೆ ಹಳೆಯ ಹಕ್ಕು ಉಳಿದಿದೆ, ಮೀಸಲಾತಿ ಇಲ್ಲದ ಸಾಮಾನ್ಯ ಸೀಟಿಗೆ ಅವಳು ಸ್ಪರ್ಧಿಸಬಹುದು. ಮಗನ 2022ರ ಕಾರ್ಡಿಗೆ ಆ ಹಕ್ಕು ಇಲ್ಲ. ಮಗಳ ಕಾರ್ಡನ್ನು ಹೊಸ ಪಾಸ್‌ಪೋರ್ಟಿಗೆ ಬದಲಾಯಿಸಿದ್ದರೆ ಮೊದಲ ಕಾರ್ಡಿನ ತಾರೀಕು ತೋರಿಸುವ ಕಾಗದವನ್ನು ಜೋಪಾನವಾಗಿಡಿ.

ರಾಜ್ಯದ ಸಿಇಟಿ ಸೀಟಿಗೆ ಇನ್ನೊಂದು ಲೆಕ್ಕ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮುಖ್ಯ ನಿಯಮದಂತೆ ಒಂದರಿಂದ ಹನ್ನೆರಡರ ನಡುವೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತು ಅಥವಾ ಹನ್ನೆರಡನ್ನು ಇಲ್ಲೇ ಪಾಸಾಗಿರಬೇಕು. ಮಗಳು ಎಂಟಕ್ಕೆ ಸೇರಿದರೆ ಹನ್ನೆರಡಕ್ಕೆ ಆಗುವುದು 5 ವರ್ಷ. ಇಲ್ಲಿ ಅವಳನ್ನು ಕಾಯುವುದು ನಿಮ್ಮಿಬ್ಬರ ಹಳೆಯ ಅಂಕಪಟ್ಟಿ. ಹನ್ನೊಂದು, ಹನ್ನೆರಡನ್ನು ಕರ್ನಾಟಕದಲ್ಲೇ ಓದಿ, ತಂದೆ ತಾಯಿಯಲ್ಲಿ ಒಬ್ಬರು ಇಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಅರ್ಹತೆ ಕೊಡುವ ಇನ್ನೊಂದು ಕಲಮು ಇದೆ. ಹಾಗಾಗಿ ಈ ಸಲ ಬಂದಾಗ ನೀವು ಓದಿದ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣ ಪತ್ರ ತೆಗೆಸಿ, ಬಿಇಒ ಮೇಲುಸಹಿ ಹಾಕಿಸಿಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಹೋದರೆ ಶಾಲೆ ಮುಚ್ಚಿರಬಹುದು, ದಾಖಲೆ ಗೆದ್ದಲು ತಿಂದಿರಬಹುದು. ಅಂಥದ್ದೂ ನೋಡಿದ್ದೇನೆ. ನಿಯಮದ ಪುಸ್ತಕ ಪ್ರತಿ ವರ್ಷ ಹೊಸದಾಗಿ ಬರುತ್ತದೆ, ಆ ವರ್ಷದ್ದನ್ನು ಓದಿ. ಮಗನಿಗೆ ಇನ್ನೂ ಹತ್ತು ವರ್ಷ ಇದೆ. ಅವನ ಸೀಟಿನ ಚಿಂತೆ ಈಗ ಬೇಡ, ಒಸಿಐ ತಾರೀಕಿನ ವಿಷಯ ಗೊತ್ತಿರಲಿ ಅಷ್ಟೇ.

ಮಗನಿಗೆ ಈಗ ಬೇಕಿರುವುದು ಓದಲು ಕಲಿಯುವುದು. ಅವನ ಐಇಪಿ ಅಮೆರಿಕದ ಕಾನೂನಿನ ಕಾಗದ, ಇಲ್ಲಿನ ಶಾಲೆಯ ಮೇಲೆ ಅದಕ್ಕೆ ಹಿಡಿತ ಇಲ್ಲ. ಆದರೂ ತನ್ನಿ. ಪರೀಕ್ಷೆ ಮಾಡಿದವರ ಪೂರ್ತಿ ವರದಿಯನ್ನೂ ತನ್ನಿ. ಇದನ್ನು ಮುಚ್ಚಿಟ್ಟು ಸೇರಿಸುವ ಪೋಷಕರಿದ್ದಾರೆ, ಸೀಟು ತಪ್ಪುತ್ತದೆ ಅಂತ. ಹಾಗೆ ಸಿಕ್ಕ ಸೀಟು ಮೂರೇ ತಿಂಗಳಲ್ಲಿ ‘ಸೋಮಾರಿ’ ಅನ್ನುವ ಹೆಸರನ್ನೂ ಕೊಡುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ತೊಂದರೆಗೂ ಜಾಗ ಇದೆ. ಬೋರ್ಡುಗಳು ಹೆಚ್ಚುವರಿ ಸಮಯದಂಥ ರಿಯಾಯಿತಿ ಕೊಡುತ್ತವೆ, ಆದರೆ ಇಲ್ಲಿನ ಪ್ರಮಾಣಪತ್ರ ಬೇಕು. ಅವನಿಗೆ ನಿಜವಾಗಿ ತೊಂದರೆ ಇದೆಯೋ, ಸುಮ್ಮನೆ ನಿಧಾನವೋ ಅಂತ ನೆಲೆಯಾದ ಮೇಲೆ ಮತ್ತೆ ತೋರಿಸಿ. ಶಾಲೆ ನೋಡುವಾಗ ‘ವಿಶೇಷ ಶಿಕ್ಷಕಿ ಇದ್ದಾರಾ’ ಅಂತ ಕೇಳಿ ಬಿಡಬೇಡಿ. ಅವರ ಜೊತೆ ಹತ್ತು ನಿಮಿಷ ಕೂತು ಮಾತಾಡಿಸಿ ಅನ್ನಿ. ಕೆಲವು ಕಡೆ ಆ ಶಿಕ್ಷಕಿ ವೆಬ್‌ಸೈಟಿನಲ್ಲಿ ಮಾತ್ರ ಇರುತ್ತಾರೆ.

ಇಂಥ ಮಗುವಿಗೆ ತರಗತಿಯಲ್ಲಿ ಮೂವತ್ತು ಮಕ್ಕಳು, ಮನೆಗೆ ಹತ್ತು ನಿಮಿಷ, ಮಧ್ಯಾಹ್ನ ಊಟಕ್ಕೆ ಅಜ್ಜಿ. ಇದಕ್ಕಿಂತ ಒಳ್ಳೆಯ ಸೌಲಭ್ಯವನ್ನು ಹತ್ತು ಲಕ್ಷದ ಶಾಲೆಯೂ ಕೊಡಲಾರದು. ಮಾವನವರ ಶಾಲೆ ಹಾಗಿದ್ದರೆ ಮಗನನ್ನು ಅಲ್ಲಿಗೆ ಹಾಕಿ. ಮೂರನೇ ತರಗತಿಗೆ ಯಾವ ಬೋರ್ಡ್ ಅನ್ನುವುದು ಅಷ್ಟು ದೊಡ್ಡ ಮಾತಲ್ಲ, ಐದು ಆರರಲ್ಲಿ ಬೇಕಾದರೆ ಬದಲಾಯಿಸಿ. ಇಬ್ಬರನ್ನೂ ಒಂದೇ ಶಾಲೆಗೆ ಹಾಕಬೇಕು ಅನ್ನುವ ಹಟ ಪೋಷಕರ ಅನುಕೂಲಕ್ಕೆ, ಮಕ್ಕಳದ್ದಲ್ಲ.

ಮನೆ ಜಯನಗರ, ಆಫೀಸ್ ವೈಟ್‌ಫೀಲ್ಡ್ ಅಂದಿರಿ. ದಯವಿಟ್ಟು ಮಕ್ಕಳನ್ನು ಆ ದಿಕ್ಕಿಗೆ ಕಳಿಸಬೇಡಿ. ನಿಮ್ಮ ಗಂಡನಿಗೆ ಮೆಟ್ರೊ ಇದೆ, ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್. ದೊಡ್ಡವರು ನಿಂತುಕೊಂಡು ಹೋಗಲಿ. ಬೆಳಿಗ್ಗೆ 6.40ಕ್ಕೆ ಬಸ್ ಹತ್ತಿ ಸಂಜೆ 5ಕ್ಕೆ ಇಳಿಯುವ ಮಗುವಿಗೆ ಕನ್ನಡ ಕಲಿಯಲೂ ಶಕ್ತಿ ಇರುವುದಿಲ್ಲ, ಗೆಳೆಯರನ್ನು ಮಾಡಿಕೊಳ್ಳಲೂ ಇರುವುದಿಲ್ಲ. ಒಂದು ದಾರಿಗೆ ನಲವತ್ತು ನಿಮಿಷ ಅಂತ ಗೆರೆ ಹಾಕಿ. ಆ ಗೆರೆಯ ಆಚೆಗಿನದು ಎಷ್ಟೇ ಚೆನ್ನಾಗಿರಲಿ, ನಿಮ್ಮದಲ್ಲ.

ಶಾಲೆ ನೋಡಲು ಅವರು ಕರೆದ ಶನಿವಾರ ಹೋಗಬೇಡಿ. ಮಾಮೂಲಿ ದಿನ ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು ಮಕ್ಕಳ ಮುಖ ನೋಡಿ. ಎಂಟನೇ ತರಗತಿಯ ಯಾವುದಾದರೂ ನೋಟ್‌ಬುಕ್ ತೋರಿಸಿ ಅನ್ನಿ. ಟೀಚರ್ ಕೆಂಪು ಪೆನ್ನಿನಲ್ಲಿ ಬರೀ ರೈಟ್ ಹಾಕಿದ್ದಾರಾ, ಏನಾದರೂ ಬರೆದಿದ್ದಾರಾ ನೋಡಿ. ಕಳೆದ ವರ್ಷ ಹೊರದೇಶದಿಂದ ಬಂದವರು ಎಷ್ಟು ಮಂದಿ, ಅವರಲ್ಲಿ ಇನ್ನೂ ಇರುವವರು ಎಷ್ಟು ಅಂತ ಕೇಳಿ. ಶೌಚಾಲಯ ನೋಡಿ, ನಗಬೇಡಿ. ನೀರು ಕುಡಿಯದೆ, ಹೋಗದೆ ಎಂಟು ಗಂಟೆ ತಡೆದುಕೊಂಡು ಉರಿಮೂತ್ರ ಮಾಡಿಕೊಂಡ ಹೆಣ್ಣುಮಕ್ಕಳು ನನಗೆ ಗೊತ್ತು. ಕುದುರೆ ಸವಾರಿಯ ಫೋಟೊ ನೋಡುವುದಕ್ಕಿಂತ ಇದು ಮುಖ್ಯ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿನ ಶಾಲೆ ಟಿಸಿ ಕೇಳುತ್ತದೆ, ಅಲ್ಲಿ ಆ ಹೆಸರಿನ ಕಾಗದ ಇಲ್ಲ. ಶಾಲೆ ಬಿಟ್ಟ ಬಗ್ಗೆ ಪತ್ರ, ಮೂರು ವರ್ಷದ ರಿಪೋರ್ಟ್ ಕಾರ್ಡ್, ಜನನ ಪ್ರಮಾಣಪತ್ರ, ಲಸಿಕೆ ಪಟ್ಟಿ ಇಟ್ಟುಕೊಳ್ಳಿ. ಇಲ್ಲಿನ ಶಾಲೆ ಅಪೋಸ್ಟಿಲ್ (ಕಾಗದ ಅಸಲಿ ಅಂತ ಹೊರದೇಶಕ್ಕೆ ತೋರಿಸುವ ಸರ್ಕಾರಿ ಮುದ್ರೆ) ಕೇಳುತ್ತದಾ ಅಂತ ಮೊದಲೇ ವಿಚಾರಿಸಿ. ಕೇಳಿದರೆ ನೋಟರಿ ಮಾಡಿಸಿ, ನ್ಯೂಜೆರ್ಸಿ ರಾಜ್ಯದ ಕಚೇರಿಯಿಂದಲೇ ಹೊರಡುವ ಮುಂಚೆ ಮಾಡಿಸಿ. ಇಲ್ಲಿಗೆ ಬಂದು ಕೂತು ಅಲ್ಲಿಂದ ತರಿಸುವುದು ದೊಡ್ಡ ರಗಳೆ. ಆಧಾರ್ ಒಸಿಐ ಮಕ್ಕಳಿಗೆ ಬಂದ ತಕ್ಷಣ ಆಗುವುದಿಲ್ಲ, 182 ದಿನ ಇಲ್ಲಿ ವಾಸ ಇರಬೇಕು. ಶಾಲೆಯ ಗುಮಾಸ್ತರು ಗಲಾಟೆ ಮಾಡಿದರೆ ಇದನ್ನು ಸಮಾಧಾನವಾಗಿ ಹೇಳಿ.

ಕೊನೆಗೆ ಉಳಿದದ್ದು ರೂಮಿಗೆ ಎದ್ದು ಹೋಗುವ ಮಗಳು. ವಾಪಸ್ ಬರುವ ನಿರ್ಧಾರ ಅವಳದ್ದಲ್ಲ. ಅವಳದ್ದು ಅನ್ನುವ ಹಾಗೆ ನಟಿಸಲೂ ಬೇಡಿ, ಈ ವಯಸ್ಸಿನವರಿಗೆ ನಾಟಕ ಬೇಗ ಗೊತ್ತಾಗುತ್ತದೆ. ನೀವು ಎರಡು ಶಾಲೆಗೆ ಇಳಿಸಿ, ಆ ಎರಡರಲ್ಲಿ ಯಾವುದು ಅನ್ನುವುದನ್ನು ನಿಜವಾಗಿ ಅವಳಿಗೆ ಬಿಡಿ. ಅವಳು ಆರಿಸಿದ್ದು ನಿಮಗೆ ಇಷ್ಟವಾಗದಿದ್ದರೂ ಮಾತು ತಪ್ಪಬೇಡಿ. ಕೆಲವು ವರ್ಷದ ಹಿಂದೆ ಇದೇ ವಯಸ್ಸಿನ ಹುಡುಗಿ ತಂದೆ ತಾಯಿ ಜೊತೆ ನನ್ನ ಹತ್ತಿರ ಬಂದಿದ್ದಳು. ಅವರು ಒಂದು ಗಂಟೆ ಬೋರ್ಡು, ಫಲಿತಾಂಶ, ಕೋಚಿಂಗ್ ಅಂತ ಕೇಳಿದರು. ಎದ್ದು ಹೋಗುವಾಗ ಅವಳು ಬಾಗಿಲ ಹತ್ತಿರ ನಿಂತು ಮೊದಲ ಸಲ ಬಾಯಿ ಬಿಟ್ಟಳು: ‘ಆ ಶಾಲೆಗೆ ನನ್ನ ಕ್ಲಾರಿನೆಟ್ ತಗೊಂಡು ಹೋಗಬಹುದಾ?’ ತಾಯಿಯ ನಾಲ್ಕು ಪುಟದ ಪಟ್ಟಿಯಲ್ಲಿ ಅದು ಇರಲಿಲ್ಲ. ನಿಮ್ಮ ಮಗಳ ಕ್ಲಾರಿನೆಟ್ ಏನು ಅಂತ ಕೇಳಿ ನೋಡಿ. ಉತ್ತರ ಬಂದ ಮೇಲೆ, ಬೇಕಾದರೆ ಇನ್ನೊಮ್ಮೆ ಬರೆಯಿರಿ.